ಮಸಲ್ ತಿನ್ನೋದಾ, ಸ್ಕ್ಯಾಲಪ್ಪಾ?

ಕಡಲಲ್ಲಿ ವಿಷದ ಪಾಚಿ ಹಬ್ಬಿದಾಗ ಮಸಲ್, ಸ್ಕ್ಯಾಲಪ್‌ನಂಥ ಚಿಪ್ಪುಜೀವಿಗಳೆಲ್ಲ ಒಂದೇ ಥರ ಅಲ್ಲ. ಮಸಲ್ ನೀರು ಸೋಸಿ ತಿನ್ನುತ್ತದೆ, ಬೇಗ ವಿಷ ತುಂಬಿಕೊಳ್ಳುತ್ತದೆ. ಪಾಚಿ ಹೋದ ಮೇಲೆ ಸಾಮಾನ್ಯವಾಗಿ ಕೆಲವು ವಾರಗಳಲ್ಲಿ ಕಳೆದುಕೊಳ್ಳುತ್ತದೆ. ಅದಕ್ಕೇ ತಪಾಸಣೆಯವರು ಅದನ್ನು ಬಲೆಚೀಲದಲ್ಲಿ ನೀರಿಗಿಳಿಸಿ, ಆಗಾಗ ಎತ್ತಿ ಪರೀಕ್ಷಿಸುವುದು. ಬಟರ್ ಕ್ಲ್ಯಾಮ್ ಅನ್ನೋ ಚಿಪ್ಪುಜೀವಿ ಮಾತ್ರ ಮಹಾ ಜಿಪುಣ: ಸ್ಯಾಕ್ಸಿಟಾಕ್ಸಿನ್ ಅನ್ನೋ ಈ ಪಾಚಿ ವಿಷವನ್ನು 2 ವರ್ಷದವರೆಗೂ ಬಿಡದೆ ಇಟ್ಟುಕೊಳ್ಳಬಲ್ಲದು. ಸ್ಕ್ಯಾಲಪ್‌ನ ಬಿಳಿ ಸ್ನಾಯುವಿನಲ್ಲಿ ವಿಷ ಕಡಿಮೆ. ಇಡಿಯಾಗಿ ತಿಂದರೆ ಆ ಲಾಭ ಇಲ್ಲ.

ನನ್ನ ಓಟು ಸ್ನಾಯುವಿಗೇ, ಅದೂ ಪರೀಕ್ಷೆ ಆದ ಮಾಲಾದರೆ. 100 ಗ್ರಾಂ ಮಾಂಸದಲ್ಲಿ ಈ ವಿಷ 80 ಮೈಕ್ರೋಗ್ರಾಂ ದಾಟಿದರೆ ಹಲವು ದೇಶಗಳಲ್ಲಿ ಕೊಯ್ಲು ಬಂದ್. ಚೆನ್ನಾಗಿ ಬೇಯಿಸಿದರೆ ಆಯ್ತಲ್ವಾ ಅಂತೀರಾ? ಈ ವಿಷ ಕುದಿಸಿದರೂ ಜಗ್ಗಲ್ಲ. ತಿಂದ ಮೇಲೆ ತುಟಿ ಜುಮ್ಮೆಂದರೆ ಸುಮ್ನೆ ಕೂರಬೇಡಿ, ನೇರ ಆಸ್ಪತ್ರೆಗೆ ಹೋಗಿ.