ಬಂಡಲ್‌ನಲ್ಲಿ ತಂದು ಮೀಟರ್‌ನಲ್ಲಿ ಮಾರುವವರಿಗೆ ಟ್ಯಾಲಿಪ್ರೈಮ್ ಹೇಗಿದೆ?

ನಮ್ಮದು ಹಾಸನದಲ್ಲಿ ಎಲೆಕ್ಟ್ರಿಕಲ್ ಸಾಮಾನಿನ ಸಣ್ಣ ಅಂಗಡಿ. ಬಲ್ಬು, ಸ್ವಿಚ್ಚು, ಹೋಲ್ಡರ್ ಲೆಕ್ಕವನ್ನು ಯಾವ ಸಾಫ್ಟ್‌ವೇರ್ ಆದರೂ ಇಡುತ್ತದೆ. ತಲೆನೋವು ಇರುವುದು ವೈರ್‌ನಲ್ಲಿ. ಬೆಂಗಳೂರಿನ ಬಿ.ವಿ.ಕೆ. ಅಯ್ಯಂಗಾರ್ ರಸ್ತೆಯಿಂದ 90 ಮೀಟರ್ ಬಂಡಲ್ ಬರುತ್ತದೆ, ಮನೆ ಕಟ್ಟಿಸುವವರು ಬಂಡಲ್‌ಗಟ್ಟಲೆ ಒಯ್ಯುತ್ತಾರೆ, ಆದರೆ ಮಿಕ್ಕ ಗಿರಾಕಿಗಳೆಲ್ಲ "ಅಣ್ಣ, ಎರಡೂವರೆ ವೈರು, ಕೆಂಪು, ಏಳು ಮೀಟರ್ ಕೊಡಿ" ಅನ್ನುವವರೇ (ಎರಡೂವರೆ ಅಂದರೆ 2.5 ಚದರ ಮಿಲಿಮೀಟರ್ ಗಾತ್ರದ ವೈರ್). ಹೀಗೆ ಕತ್ತರಿಸಿ ಕೊಡುವ ಸರಕಿಗೆ ಟ್ಯಾಲಿಪ್ರೈಮ್ ಅನ್ನುವ ಅಂಗಡಿ ಲೆಕ್ಕದ ಸಾಫ್ಟ್‌ವೇರ್ ಎಷ್ಟು ಒಗ್ಗುತ್ತದೆ ಅನ್ನುವುದನ್ನಷ್ಟೇ ಇಲ್ಲಿ ಬರೆಯುತ್ತಿದ್ದೇನೆ. ಜಿಎಸ್‌ಟಿ, ಬ್ಯಾಂಕ್, ಉದ್ರಿ ಲೆಕ್ಕದ ಬಗ್ಗೆ ಬರೆದವರು ಬೇಕಾದಷ್ಟು ಜನ ಇದ್ದಾರೆ.

ಮೊದಲು ಒಂದು ಮೊಬೈಲ್ ಬಿಲ್ಲಿಂಗ್ ಆ್ಯಪ್ ಬಳಸುತ್ತಿದ್ದೆವು, ಹೆಸರು ಬೇಡ. ಅದರಲ್ಲಿ ಮುಖ್ಯ ಅಳತೆ ಬಂಡಲ್, ಚಿಲ್ಲರೆ ಅಳತೆ ಮೀಟರ್ ಎಂದು ಇಡಬೇಕಿತ್ತು. ನೋಡಲು ಚೆಂದ. ಆದರೆ ಒಳಗೊಳಗೆ ಅದು ಪ್ರತಿ ಮೀಟರನ್ನೂ ಬಂಡಲ್ ಲೆಕ್ಕಕ್ಕೆ ತಿರುಗಿಸಿ, ಪಾಯಿಂಟ್ ಆದಮೇಲೆ ಎರಡೇ ಅಂಕಿ ಇಟ್ಟುಕೊಳ್ಳುತ್ತಿತ್ತು. ಒಂದನ್ನು 90ರಿಂದ ಭಾಗಿಸಿದರೆ 0.0111. ಆ್ಯಪ್ ಇಟ್ಟುಕೊಂಡಿದ್ದು 0.01. ಒಂದೊಂದೇ ಮೀಟರ್ ಮಾರುತ್ತ ಬಂಡಲ್ ಪೂರಾ ಖಾಲಿಯಾದರೂ ಅದರ ಲೆಕ್ಕದಲ್ಲಿ ಹೋಗಿದ್ದು 0.90 ಮಾತ್ರ. ಅಂದರೆ ಅಂಗಡಿಯಲ್ಲಿ ಇಲ್ಲದ 9 ಮೀಟರ್ ವೈರ್ ಸ್ಟಾಕ್‌ನಲ್ಲಿ ಕೂತಿರುತ್ತದೆ! ಮೆಡಿಕಲ್ ಶಾಪ್‌ನವರಿಗೂ ಇದೇ ಗತಿ: ಹತ್ತು ಮಾತ್ರೆಯ ಸ್ಟ್ರಿಪ್ ಆದರೆ ಸರಿಹೋಗುತ್ತದೆ, ಹದಿನೈದರ ಸ್ಟ್ರಿಪ್ ಆದರೆ ಒಂದು ಮಾತ್ರೆ 0.07 ಆಗಿ, ಸ್ಟ್ರಿಪ್ ಮುಗಿಯುವಷ್ಟರಲ್ಲಿ ಸ್ಟಾಕ್ ಮೈನಸ್‌ಗೆ ಹೋಗುತ್ತದೆ.

ಹಾಗಾಗಿ ಯಾವ ಸಾಫ್ಟ್‌ವೇರ್ ಕೊಂಡರೂ ಮೊದಲು ನೋಡಬೇಕಾದ್ದು ಇಷ್ಟೇ. ನೀವು ಮಾರುವ ಅತಿ ಚಿಕ್ಕ ಅಳತೆಯನ್ನೇ ಮೂಲ ಅಳತೆಯಾಗಿ ಇಡಲು ಬಿಡುತ್ತದಾ?

ಟ್ಯಾಲಿಪ್ರೈಮ್ ಬಿಡುತ್ತದೆ. ಯೂನಿಟ್ (ಅಳತೆ) ಮಾಡುವಾಗ ಪಾಯಿಂಟ್ ಆದಮೇಲೆ ಎಷ್ಟು ಅಂಕಿ ಬೇಕು ಎಂದು ಅದೇ ಕೇಳುತ್ತದೆ, ನಾಲ್ಕರವರೆಗೂ ಕೊಡಬಹುದು. ವೈರ್‌ಗೆ ಎರಡು ಸಾಕು. ಮೂಲ ಅಳತೆ ಮೀಟರ್ ಇಟ್ಟು, ಐಟಂ ಮಾಡುವ ಜಾಗದಲ್ಲಿ ಎಫ್ 12 ಒತ್ತಿ ಆಲ್ಟರ್ನೇಟ್ ಯೂನಿಟ್ (ಎರಡನೇ ಅಳತೆ) ಆನ್ ಮಾಡಿ, 1 ಬಂಡಲ್ ಅಂದರೆ 90 ಮೀಟರ್ ಎಂದು ಬರೆದರೆ ಮುಗಿಯಿತು. ಬಂಡಲ್ ರೇಟಿನಲ್ಲಿ ಖರೀದಿ ಹಾಕಬಹುದು, ಮೀಟರ್ ರೇಟಿನಲ್ಲಿ ಬಿಲ್ ಮಾಡಬಹುದು.

ಇದರಲ್ಲೇ ಕಾಂಪೌಂಡ್ ಯೂನಿಟ್ ಅಂತ ಇನ್ನೊಂದಿದೆ. ಡಜನ್‌ಗೆ ಹನ್ನೆರಡು, ಬಾಕ್ಸ್‌ಗೆ ಹತ್ತು, ಇಂಥದ್ದಕ್ಕೆ ಒಳ್ಳೆಯದು. ವೈರ್‌ಗೆ ಬೇಡ. ಅದು ಸ್ಟಾಕನ್ನು "3 ಬಂಡಲ್ 45 ಮೀಟರ್" ಅನ್ನುವ ರೀತಿ ತೋರಿಸುತ್ತದೆ. ಮೂರು ಸೀಲ್ ಬಂಡಲ್ ಇದೆ ಅಂದುಕೊಂಡು ಗಿರಾಕಿಗೆ ಮಾತು ಕೊಟ್ಟರೆ ಕಷ್ಟ, ಯಾಕೆಂದರೆ ರ್ಯಾಕ್‌ನಲ್ಲಿ ಇರುವುದು ಎರಡೇ ಸೀಲ್ ಬಂಡಲ್, ಉಳಿದ 135 ಮೀಟರ್ ಬಿಚ್ಚಿದ ತುಂಡುಗಳು ಆಗಿರಬಹುದು. ತುಂಡುಗಳನ್ನು ಕೂಡಿಸಿದರೆ ಬಂಡಲ್ ಆಗಲ್ಲ ಅಲ್ವಾ.

ಅಸಲಿ ಸಮಸ್ಯೆಯೇ ಇದು. ದಶಮಾಂಶ ಸರಿ ಇದ್ದ ಮಾತ್ರಕ್ಕೆ ಮುಗಿಯಲಿಲ್ಲ. ಎರಡೂವರೆ ಕೆಂಪು ಒಟ್ಟು 64 ಮೀಟರ್ ಇದೆ ಎಂದು ಸ್ಕ್ರೀನ್ ಹೇಳುತ್ತದೆ, ಸುಳ್ಳೇನಲ್ಲ. ಕೊಟ್ಟಿಗೆಗೆ ಲೈನ್ ಎಳೆಯಬೇಕು, 40 ಮೀಟರ್ ಬೇಕು, ನಡುವೆ ಜಾಯಿಂಟ್ ಬೇಡ ಅನ್ನುತ್ತಾರೆ ಒಬ್ಬರು. ನಮ್ಮಲ್ಲಿ ಇರುವುದು 31, 18, 15ರ ಮೂರು ತುಂಡು. ಲೆಕ್ಕ ಸರಿಯಾಗಿದೆ, ವ್ಯಾಪಾರ ಇಲ್ಲ.

ಇದಕ್ಕೆ ಟ್ಯಾಲಿಯಲ್ಲಿ ನೇರ ಉತ್ತರ ಇಲ್ಲ. ಆದರೆ ಔಷಧಿ, ತಿಂಡಿ ಅಂಗಡಿಯವರು ಎಕ್ಸ್‌ಪೈರಿಗೆ ಬಳಸುವ ಬ್ಯಾಚ್ ಸೌಲಭ್ಯವನ್ನು (ಒಂದೇ ಸರಕನ್ನು ನಂಬರ್ ಕೊಟ್ಟು ಬೇರೆ ಬೇರೆ ಗುಂಪಾಗಿ ಲೆಕ್ಕ ಇಡುವುದು) ಇದಕ್ಕೆ ಒಗ್ಗಿಸಬಹುದು. ಎಫ್ 11ರಲ್ಲಿ ಬ್ಯಾಚ್ ಆನ್ ಮಾಡಿ. ಖರೀದಿ ಬಂದದ್ದನ್ನೆಲ್ಲ "ಸೀಲ್" ಅನ್ನುವ ಒಂದೇ ಬ್ಯಾಚ್‌ಗೆ ಹಾಕಿ. ಬಂಡಲ್ ಬಿಚ್ಚಿದ ದಿನ ಆಲ್ಟ್ ಎಫ್ 7 ಒತ್ತಿ ಸ್ಟಾಕ್ ಜರ್ನಲ್‌ನಲ್ಲಿ ಸೀಲ್‌ನಿಂದ 90 ಮೀಟರ್ ತೆಗೆದು ಹೊಸ ನಂಬರಿನ ಬ್ಯಾಚ್‌ಗೆ ಸೇರಿಸಿ, ಅದೇ ನಂಬರನ್ನು ರಟ್ಟಿನ ಮೇಲೆ ಬರೆದು ಬಂಡಲ್‌ಗೆ ಕಟ್ಟಿ. ಬಿಲ್ ಮಾಡುವಾಗ ಯಾವ ಬ್ಯಾಚ್‌ನಲ್ಲಿ ಎಷ್ಟು ಮೀಟರ್ ಉಳಿದಿದೆ ಎಂದು ಪಟ್ಟಿ ಬರುತ್ತದೆ. 40 ಮೀಟರ್‌ನ ತುಂಡು ಇದೆಯಾ ಇಲ್ಲವಾ ಎಂದು ಕೂತಲ್ಲೇ ಗೊತ್ತಾಗುತ್ತದೆ, ಹುಡುಗನನ್ನು ಏಣಿ ಹತ್ತಿಸಬೇಕಾಗಿಲ್ಲ. ನನಗೆ ಟ್ಯಾಲಿಯಲ್ಲಿ ಜಾಸ್ತಿ ಉಪಯೋಗಕ್ಕೆ ಬಂದದ್ದು ಇದೇ.

ಬೆಲೆ ತೆರುವುದು ವೇಗದಲ್ಲಿ. ಪ್ರತಿ ಸಲ ಬ್ಯಾಚ್ ಕೇಳುವ ಪರದೆ ಮುಂದೆ ಬರುತ್ತದೆ. ಸಂತೆ ದಿನ ಕೌಂಟರ್ ಮುಂದೆ ಜನ ನಿಂತಿರುವಾಗ ಎರಡು ಮೀಟರ್ ವೈರಿಗೂ ಬ್ಯಾಚ್ ಆರಿಸುತ್ತ ಕೂರುವುದು ಬೇಜಾರಿನ ಕೆಲಸ, ಕೆಲಸದ ಹುಡುಗರು ಕೈಗೆ ಸಿಕ್ಕ ಮೊದಲನೆಯದನ್ನು ಒತ್ತಿ ಮುಂದೆ ಹೋಗುವ ಅಪಾಯವೂ ಇದೆ. ಅದಕ್ಕೆ ದುಬಾರಿ ವೈರ್‌ಗಳಿಗೆ ಮಾತ್ರ ಬ್ಯಾಚ್ ಇಟ್ಟಿದ್ದೇವೆ. ಬೈಂಡಿಂಗ್ ವೈರ್, ಕೇಸಿಂಗ್ ಪಟ್ಟಿಗೆ ಒಟ್ಟು ಲೆಕ್ಕ ಸಾಕು. ಕೆಲವು ಕಂಪನಿಗಳು ಕೇಬಲ್ ಮೇಲೆ ಮೀಟರ್‌ಗೊಂದು ಅಂಕಿ ಅಚ್ಚು ಹಾಕಿರುತ್ತವೆ, ಅಂಥದ್ದನ್ನು ತಂದರೆ ಉಳಿದದ್ದೆಷ್ಟು ಎಂದು ಓದಿದರಾಯಿತು, ಅಳೆಯುವ ಗೋಜಿಲ್ಲ.

ಅಡಿಯಲ್ಲಿ ಮಾರುವ ಸರಕು ಇನ್ನೊಂದು ರಗಳೆ. ಎಲ್‌ಇಡಿ ಪಟ್ಟಿ 5 ಮೀಟರ್ ರೋಲ್‌ನಲ್ಲಿ ಬರುತ್ತದೆ, ಗಿರಾಕಿ ಕೇಳುವುದು ಅಡಿಯಲ್ಲಿ. ಅಡಿಯನ್ನೇ ಮೂಲ ಅಳತೆ ಮಾಡೋಣ ಅಂದರೆ ಜಿಎಸ್‌ಟಿಯ ಅಳತೆ ಕೋಡ್‌ಗಳ ಪಟ್ಟಿಯಲ್ಲಿ ಮೀಟರ್ ಇದೆ, ಗಜ ಇದೆ, ಚದರಡಿಯೂ ಇದೆ, ಬರೀ ಅಡಿ ಇಲ್ಲ! ಆದ್ದರಿಂದ ಮೀಟರ್ ಇಟ್ಟು, ಪಾಯಿಂಟ್ ನಂತರ ನಾಲ್ಕು ಅಂಕಿ ಕೊಟ್ಟು, ಒಂದು ಅಡಿಗೆ 0.3048 ಹಾಕುವುದೇ ಸರಿ. 0.30 ಎಂದು ಮೊಟಕು ಮಾಡಿದರೆ ನೂರು ಅಡಿ ಮಾರುವಷ್ಟರಲ್ಲಿ ಅರ್ಧ ಮೀಟರ್ ಹತ್ತಿರ ವ್ಯತ್ಯಾಸ ಬರುತ್ತದೆ.

ಇಷ್ಟೆಲ್ಲ ಮಾಡಿದರೂ ತಿಂಗಳ ಕೊನೆಗೆ ತಾಳೆ ಆಗುವುದಿಲ್ಲ. ಇದು ಸಾಫ್ಟ್‌ವೇರ್ ತಪ್ಪಲ್ಲ. ಕತ್ತರಿಸುವಾಗ ಕೈ ಸ್ವಲ್ಪ ಧಾರಾಳ ಆಗುತ್ತದೆ, "ಒಂದು ಗೇಣು ಜಾಸ್ತಿ ಇರಲಿ ಬಿಡಿ" ಅನ್ನುವ ಗಿರಾಕಿಯೂ ಇರುತ್ತಾರೆ. ಐದೈದು ಮೀಟರ್‌ನಂತೆ ಬಂಡಲ್ ಕತ್ತರಿಸಿದರೆ ಹದಿನೆಂಟು ತುಂಡು, ತುಂಡಿಗೆ ಹತ್ತೇ ಸೆಂಟಿಮೀಟರ್ ಜಾಸ್ತಿ ಹೋದರೂ 1.8 ಮೀಟರ್ ಹೋಯಿತು. ಕೊನೆಗೆ ಯಾರಿಗೂ ಬೇಡದ ಮುಕ್ಕಾಲು ಮೀಟರ್ ಚೂರುಗಳು ಬೇರೆ. ಇವನ್ನು ಫಿಸಿಕಲ್ ಸ್ಟಾಕ್ ವೋಚರ್‌ನಲ್ಲಿ, ಎಣಿಸಿದಷ್ಟನ್ನೇ ಬರೆದು ಸರಿ ಮಾಡಿಕೊಳ್ಳಬಹುದು. ಸುಮ್ನೆ ಬಿಟ್ಟರೆ ವರ್ಷದ ಕೊನೆಗೆ ಆಡಿಟರ್ ಮುಂದೆ ತಲೆ ಕೆರೆದುಕೊಳ್ಳಬೇಕಾಗುತ್ತದೆ.

ಒಂದು ಎಚ್ಚರಿಕೆ. ಐಟಂ ಮೇಲೆ ಬಿಲ್ ಹಾಕಲು ಶುರು ಮಾಡಿದ ಮೇಲೆ ಅದರ ಮೂಲ ಅಳತೆ ಬದಲಿಸಲು ಟ್ಯಾಲಿ ಬಿಡುವುದಿಲ್ಲ. ಆದ್ದರಿಂದ ದುಡ್ಡು ಕೊಡುವ ಮೊದಲೇ ಎಜುಕೇಶನ್ ಮೋಡ್‌ನಲ್ಲಿ ಹಾಕಿಕೊಂಡು ನಿಮ್ಮ ಎರಡು ಮೂರು ಸರಕಿನ ಮೇಲೆ ಆಡಿಸಿ ನೋಡಿ. ಅದು ಪುಕ್ಕಟೆ, ತಿಂಗಳ 1, 2, 31ನೇ ತಾರೀಖಿನ ಬಿಲ್ ಮಾತ್ರ ಹಾಕಲು ಬಿಡುತ್ತದೆ, ಪರೀಕ್ಷೆಗೆ ಅಷ್ಟು ಧಾರಾಳ ಸಾಕು. ಸಕ್ಕರೆ, ಬೇಳೆ ಬಿಡಿಯಾಗಿ ಮಾರುವ ಕಿರಾಣಿಯವರಿಗೆ ಬ್ಯಾಚ್ ಗೊಡವೆ ಬೇಡವೇ ಬೇಡ, ಕೆಜಿಗೆ ಮೂರು ಅಂಕಿ ಇಟ್ಟರೆ ಗ್ರಾಂವರೆಗೂ ಲೆಕ್ಕ ಸಿಗುತ್ತದೆ. ವೈರು, ಪೈಪು, ಬಟ್ಟೆಯ ತಾನು ಮಾರುವವರಲ್ಲಿ ಯಾರಾದರೂ ಬ್ಯಾಚ್‌ಗಳನ್ನು ಉದ್ದದ ತುಂಡಿನಿಂದ ಶುರು ಮಾಡಿ ತೋರಿಸುವ ಹಾಗೆ ಟಿಡಿಎಲ್ (ಟ್ಯಾಲಿಯನ್ನು ನಮಗೆ ಬೇಕಾದಂತೆ ಬದಲಿಸುವ ಪ್ರೋಗ್ರಾಂ) ಬರೆಸಿದ್ದರೆ, ಖರ್ಚೆಷ್ಟು ಬಂತು ಅಂತ ತಿಳಿಸಿ.