ಕಂಪನಿ ಮ್ಯಾನಿಫೋಲ್ಡ್, 4-1, 4-2-1: ಹೆಡರ್‌ಗೆ ದುಡ್ಡು ಹಾಕುವ ಮುಂಚೆ

ಹೆಡರ್, ಅಂದರೆ ಕಂಪನಿ ಮ್ಯಾನಿಫೋಲ್ಡ್ ಬದಲು ಹಾಕುವ ಪೈಪುಗಳ ಸೆಟ್, ಹಾಕಿಸಿದರೆ ಪಿಕಪ್ ಎಷ್ಟು ಜಾಸ್ತಿ ಆಗುತ್ತೆ ಅಂತ ಯಾರಾದರೂ ಕೇಳಿದರೆ ನಾನು ವಾಪಸ್ ಕೇಳುವುದು ಒಂದೇ: ಯಾವ ಗಾಡಿ? ಬಾನೆಟ್ ಎತ್ತಿ ಕಂಪನಿ ಕೊಟ್ಟ ಮ್ಯಾನಿಫೋಲ್ಡ್ (ಎಂಜಿನ್‌ನಿಂದ ಹೊಗೆ ಹೊರತರುವ ಕೊಳವೆಗಳು) ಹೇಗಿದೆ ಅಂತ ನೋಡಿದ್ದೀರಾ? ಅರ್ಧ ಉತ್ತರ ಅಲ್ಲೇ ಸಿಗುತ್ತದೆ. ನನ್ನ ಮಾರುತಿ ಎಸ್ಟೀಮ್‌ನಲ್ಲಿ ಕಂಪನಿ ಮ್ಯಾನಿಫೋಲ್ಡ್, 4-1 ಹೆಡರ್, 4-2-1 ಹೆಡರ್ ಮೂರನ್ನೂ ಓಡಿಸಿ ನೋಡಿದ್ದೇನೆ. ತಮ್ಮನ 1.2 ಸ್ವಿಫ್ಟ್‌ಗೂ ಹೆಡರ್ ಹಾಕಿಸಿ ನೋಡಿದ್ದಾಯಿತು. ಎರಡು ಗಾಡಿಯಲ್ಲಿ ಬಂದ ಫಲಿತಾಂಶಕ್ಕೂ ಅಜಗಜಾಂತರ.

ಹೆಡರ್ ಮಾಡುವ ಕೆಲಸ ಏನು ಅಂತ ಮೊದಲು ನೋಡೋಣ. ಎಂಜಿನ್‌ನಿಂದ ಹೊಗೆ ನಲ್ಲಿ ನೀರಿನ ಹಾಗೆ ಒಂದೇ ಸಮ ಬರುವುದಿಲ್ಲ. ಎಗ್ಸಾಸ್ಟ್ ವಾಲ್ವ್ ತೆರೆದಾಗಲೆಲ್ಲ ಒಂದೊಂದು ಹೊಡೆತವಾಗಿ ಬರುತ್ತದೆ. ಆ ಒತ್ತಡದ ಅಲೆ ಪೈಪಿನ ಕೊನೆಗೆ ಹೋಗಿ, ಅಗಲವಾದ ಜಾಗ ಸಿಕ್ಕ ತಕ್ಷಣ ಎಳೆಯುವ ಅಲೆಯಾಗಿ ತಿರುಗಿ ಬರುತ್ತದೆ. ಒಳಗೆ ಬರುವ ವಾಲ್ವು, ಹೊರಗೆ ಹೋಗುವ ವಾಲ್ವು ಎರಡೂ ತುಸು ತೆರೆದಿರುವ ಒಂದು ಗಳಿಗೆ ಇದೆ. ತಿರುಗಿ ಬಂದ ಅಲೆ ಸರಿಯಾಗಿ ಆಗ ಮುಟ್ಟಿದರೆ ಉಳಿದ ಹೊಗೆ ಹೊರಗೆ ಹೋಗುತ್ತದೆ, ಹೊಸ ಗಾಳಿ ಜಾಸ್ತಿ ಒಳಗೆ ಬರುತ್ತದೆ. ಅಲೆ ಯಾವ ಆರ್‌ಪಿಎಂನಲ್ಲಿ ಸರಿಯಾದ ಹೊತ್ತಿಗೆ ಬರುತ್ತದೆ ಅನ್ನುವುದನ್ನು ಪೈಪಿನ ಉದ್ದವೇ ನಿರ್ಧರಿಸುತ್ತದೆ. ಉದ್ದ ಪೈಪಾದರೆ ಕೆಳಗಿನ ಆರ್‌ಪಿಎಂ, ಗಿಡ್ಡದಾದರೆ ಮೇಲಿನದು. ಅಂದರೆ ಯಾವ ಹೆಡರೂ ಎಲ್ಲ ಕಡೆ ಲಾಭ ಕೊಡಲ್ಲ. ಒಂದು ಕಡೆ ಕೊಟ್ಟು ಇನ್ನೊಂದು ಕಡೆ ಕಿತ್ತುಕೊಳ್ಳುತ್ತದೆ.

ಎಸ್ಟೀಮ್‌ನ 1,298 ಸಿಸಿ 16 ವಾಲ್ವ್ ಎಂಜಿನ್ 85 ಎಚ್‌ಪಿಯದು. ಗಾಡಿ ಹಗುರ, ಎಂಜಿನ್‌ಗೆ ಮೇಲೆ ಹೋಗುವುದೆಂದರೆ ಇಷ್ಟ. ಚೆನ್ನೈ ಪಕ್ಕದ ಇರುಂಗಾಟುಕೋಟೈ ರೇಸ್ ಟ್ರ್ಯಾಕಿನಲ್ಲಿ, ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇಯಲ್ಲಿ ಎಸ್ಟೀಮ್‌ಗಳು ಸುಮ್ನೆ ವರ್ಷಗಟ್ಟಲೆ ಓಡಲಿಲ್ಲ. ಇದರ ಕಂಪನಿ ಮ್ಯಾನಿಫೋಲ್ಡ್ ಬೀಡು ಕಬ್ಬಿಣದ್ದು. ಭಾರ, ಗಿಡ್ಡ ಕೊಳವೆ, ಒಳಗೆಲ್ಲ ಒರಟು. ಆದರೂ ನ್ಯಾಯವಾಗಿ ಹೇಳಬೇಕು: ಊರೊಳಗೆ ಅದರಿಂದ ಒಂದು ತೊಂದರೆಯೂ ಇಲ್ಲ. ಮೂರನೇ ಗೇರಿನಲ್ಲಿ ನಿಧಾನಕ್ಕೆ ಹೋಗಿ ಎಕ್ಸಲರೇಟರ್ ಒತ್ತಿದರೆ ಗೊಣಗದೆ ಎಳೆಯುತ್ತದೆ. ಸದ್ದಿಲ್ಲ, ಬಿಸಿ ಬಾನೆಟ್ ಒಳಗೆ ಹರಡಲ್ಲ, ಬಿರುಕು ಬಿಡುವುದೂ ಅಪರೂಪ. 5,000 ದಾಟಿದ ಮೇಲೆ ಮಾತ್ರ ಉಸಿರು ಕಟ್ಟಿದ ಹಾಗೆ ಆಗುತ್ತದೆ. ಸದ್ದು ಏರುತ್ತದೆ, ವೇಗ ಅಷ್ಟು ಏರಲ್ಲ.

ಮೊದಲು ಹಾಕಿಸಿದ್ದು 4-1. ನಾಲ್ಕು ಪೈಪು ನೇರವಾಗಿ ಒಂದೇ ಕಡೆ ಸೇರುತ್ತವೆ. 5,000ದಿಂದ ಮೇಲೆ ಇದರ ಮಜಾ ಬೇರೆ. ಎಂಜಿನ್ ರೆಡ್‌ಲೈನ್ ತನಕ ಓಡಿ ಹೋಗುತ್ತದೆ, ಸದ್ದು ಕೇಳಿದರೆ ಮೈ ಜುಮ್ ಅನ್ನುತ್ತದೆ. ಟ್ರ್ಯಾಕಿನಲ್ಲಿ ಓಡಿಸುವವರಿಗೆ ಇದೇ ಸರಿ, ಅದರಲ್ಲಿ ಎರಡು ಮಾತಿಲ್ಲ. ಆದರೆ ಉಜಿರೆ ಕಡೆಯಿಂದ ಚಾರ್ಮಾಡಿ ಘಾಟಿ ಹತ್ತುವಾಗ ಬಣ್ಣ ಬಯಲಾಯಿತು. ಹೇರ್‌ಪಿನ್ ತಿರುವಿನಿಂದ ಹೊರಬರುವಾಗ ಎಂಜಿನ್ 2,500ರ ಆಸುಪಾಸಿನಲ್ಲಿ ಇರುತ್ತದೆ. ಅಲ್ಲಿ ಕಂಪನಿ ಮ್ಯಾನಿಫೋಲ್ಡ್‌ಗಿಂತ ಮಂಕು. ಮೊದಲು ಎರಡನೇ ಗೇರಿನಲ್ಲೇ ಆರಾಮಾಗಿ ಎದ್ದು ಬರುತ್ತಿದ್ದ ತಿರುವುಗಳಲ್ಲಿ ಈಗ ಎಂಜಿನ್ ಏರುವ ತನಕ ಕಾಯಬೇಕು, ಅಷ್ಟರಲ್ಲಿ ಮುಂದಿನ ತಿರುವು ಬಂದಿರುತ್ತದೆ. ಬೆಂಗಳೂರಿನ ಟ್ರಾಫಿಕ್ಕಿನಲ್ಲೂ ಇದೇ ಕಥೆ. 5,000 ಆರ್‌ಪಿಎಂ ಅಲ್ಲಿ ಯಾವ ರಸ್ತೆಯಲ್ಲಿ ಸಿಗುತ್ತೆ ಹೇಳಿ?

ಆಮೇಲೆ ಬಂದದ್ದು 4-2-1. ಈ ಎಂಜಿನ್‌ನ ಫೈರಿಂಗ್ ಆರ್ಡರ್, ಅಂದರೆ ಸಿಲಿಂಡರುಗಳು ಉರಿಯುವ ಸರದಿ, 1-3-4-2. ಹಾಗಾಗಿ ಒಂದು ಮತ್ತು ನಾಲ್ಕನೇ ಸಿಲಿಂಡರಿನ ಪೈಪು ಒಂದು ಜೋಡಿ, ಎರಡು ಮತ್ತು ಮೂರನೆಯದು ಇನ್ನೊಂದು ಜೋಡಿ. ಜೋಡಿಯೊಳಗೆ ಒಂದರ ಹೊಡೆತ ಇನ್ನೊಂದಕ್ಕೆ ಅಡ್ಡ ಬರುವುದಿಲ್ಲ. ಎರಡು ಜೋಡಿಯೂ ಕೆಳಗೆ ಹೋಗಿ ಒಂದಾಗುತ್ತವೆ. ಲಾಭ ಸಿಗುವುದು ನಾವು ದಿನಾ ಓಡಿಸುವ ಜಾಗದಲ್ಲೇ, 2,500ರಿಂದ 4,500ರ ತನಕ. ಅದೇ ಘಾಟಿಯಲ್ಲಿ, ಅದೇ ತಿರುವುಗಳಲ್ಲಿ, ಗಾಡಿ ಎದ್ದು ಬರುವ ರೀತಿಯೇ ಬದಲಾಯಿತು. ನೆಲಮಂಗಲ ದಾಟಿ ಹಾಸನದ ದಾರಿಯಲ್ಲಿ ಲಾರಿ ಹಿಂದೆ ಹಾಕುವಾಗ ನಾಲ್ಕರಿಂದ ಮೂರಕ್ಕೆ ಇಳಿಸುವ ಕೆಲಸ ಎಷ್ಟೋ ಕಡೆ ತಪ್ಪಿತು. ತುದಿಯಲ್ಲಿ 4-1ರಷ್ಟು ಜೋಶ್ ಇಲ್ಲ, ನಿಜ. ಕಂಪನಿಯದಕ್ಕಿಂತ ಅಲ್ಲೂ ಮೇಲೆಯೇ. ಮೈಲೇಜಿನಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಎಸ್ಟೀಮ್ ಇಟ್ಟುಕೊಂಡವರಿಗೆ ನನ್ನ ಮಾತು ನೇರ: 4-2-1 ಹಾಕಿಸಿ, ದುಡ್ಡಿಗೆ ಮೋಸ ಇಲ್ಲ.

ಆದರೆ ಡಿಸೈನ್ ಎಷ್ಟು ಮುಖ್ಯವೋ ಕೈಕೆಲಸವೂ ಅಷ್ಟೇ ಮುಖ್ಯ. ಕೊಳ್ಳುವ ಮುಂಚೆ ಫ್ಲಾಂಜಿನ (ಹೆಡರನ್ನು ಎಂಜಿನ್‌ಗೆ ಕೂರಿಸುವ ಚಪ್ಪಟೆ ಪಟ್ಟಿ) ತೂತಿನೊಳಗೆ ಬೆರಳು ಹಾಕಿ ಸುತ್ತಲೂ ಸವರಿ. ವೆಲ್ಡಿಂಗಿನ ಗಂಟು ಒಳಗೆ ಚುಚ್ಚಿಕೊಂಡಿದ್ದರೆ ಬೆರಳಿಗೆ ಸಿಗುತ್ತದೆ. ಆ ಗಂಟು ಹೊಗೆಯ ದಾರಿಗೇ ಅಡ್ಡ. ಗ್ಯಾಸ್ಕೆಟ್ಟನ್ನು ಫ್ಲಾಂಜಿನ ಮೇಲಿಟ್ಟು ತೂತಿಗೆ ತೂತು ಕೂರುತ್ತಾ ನೋಡಿ. ಪೈಪಿನ ಬಾಯಿ ಸಿಲಿಂಡರ್ ಹೆಡ್ಡಿನ (ಎಂಜಿನ್‌ನ ಮೇಲ್ಭಾಗ) ಬಾಯಿಗಿಂತ ಚಿಕ್ಕದಿದ್ದರೆ ಅಂಥದ್ದು ಬೇಡವೇ ಬೇಡ. ಫ್ಲಾಂಜನ್ನು ಗಾಜಿನ ಮೇಲೆ ಮಲಗಿಸಿ, ಅಡಿಯಲ್ಲಿ ಬೆಳಕು ತೂರಿದರೆ ಅದು ಸೊಟ್ಟ ಅಂತಲೇ ಅರ್ಥ. ನನ್ನ 4-1ರದ್ದು ಹಾಗೇ ಸೊಟ್ಟಗಿತ್ತು. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಟಿಕ್ ಟಿಕ್ ಅನ್ನುವುದು, ಎಂಜಿನ್ ಬಿಸಿಯಾದ ಮೇಲೆ ನಿಲ್ಲುವುದು. ಲೋಹ ಹಿಗ್ಗಿ ಸಂದಿ ಮುಚ್ಚಿಕೊಳ್ಳುತ್ತಿತ್ತು ಅಷ್ಟೇ. ಈ ಸೋರಿಕೆ ಬರೀ ಸದ್ದಿನ ವಿಷಯ ಅಲ್ಲ. ಹೊರಗಿನ ಗಾಳಿ ಒಳಗೆ ಸೇರಿದರೆ ಆಕ್ಸಿಜನ್ ಸೆನ್ಸರ್ ಪೆಟ್ರೋಲ್ ಕಡಿಮೆ ಬೀಳುತ್ತಿದೆ ಅಂತ ತಿಳಿಯುತ್ತದೆ, ಎಂಜಿನ್ ನಡೆಸುವ ಕಂಪ್ಯೂಟರ್ ಇಸಿಯು ಪೆಟ್ರೋಲ್ ಜಾಸ್ತಿ ಸುರಿಯುತ್ತದೆ. ಹೆಡರ್ ಹಾಕಿಸಿದ ಮೇಲೆ ಮೈಲೇಜ್ ಬಿತ್ತು ಅನ್ನುವವರು ಮೊದಲು ಇದನ್ನೇ ನೋಡಲಿ.

ಮೈಲ್ಡ್ ಸ್ಟೀಲೋ, ಸ್ಟೇನ್‌ಲೆಸ್ಸೋ? ಕರಾವಳಿ, ಮಲೆನಾಡಿನವರಾದರೆ ಸ್ಟೇನ್‌ಲೆಸ್ 304 ಬಿಟ್ಟು ಬೇರೆ ಯೋಚನೆ ಬೇಡ. ಮೈಲ್ಡ್ ಸ್ಟೀಲ್ ಮೇಲೆ ಹೀಟ್ ರ‍್ಯಾಪ್ (ಬಿಸಿ ತಡೆಯುವ ಪಟ್ಟಿ) ಸುತ್ತಿಸಿದರೆ ಬಾನೆಟ್ ಒಳಗಿನ ಬಿಸಿ ತಗ್ಗುತ್ತದೆ. ಆದರೆ ಮಳೆಗಾಲದಲ್ಲಿ ರ‍್ಯಾಪ್ ನೀರು ಹಿಡಿದುಕೊಂಡು ಒಳಗೊಳಗೇ ತುಕ್ಕು ಹಿಡಿಸುತ್ತದೆ. ಹಳೇ ಗಾಡಿಯಾದರೆ ಇನ್ನೊಂದು ಕೆಲಸ. ಹಿಂದಿನ ರಾತ್ರಿಯೇ ಮ್ಯಾನಿಫೋಲ್ಡ್ ಹಿಡಿದಿರುವ ಸ್ಟಡ್‌ಗಳಿಗೆ (ಬೋಲ್ಟುಗಳಿಗೆ) ತುಕ್ಕು ಬಿಡಿಸುವ ಎಣ್ಣೆ ಬಿಡಿ. ಒಂದು ಸ್ಟಡ್ ಹೆಡ್ಡಿನೊಳಗೆ ಮುರಿದರೆ ಅದನ್ನು ತೆಗೆಸುವ ಖರ್ಚೇ ಬೇರೆ.

ಈಗ ತಮ್ಮನ ಸ್ವಿಫ್ಟ್. ಬಿಎಸ್4 (ಹೊಗೆ ಮಿತಿಯ ಒಂದು ದರ್ಜೆ) ಗಾಡಿ, 1,197 ಸಿಸಿ ಕೆ ಸೀರೀಸ್ ಎಂಜಿನ್. ಇದರಲ್ಲಿ ಕ್ಯಾಟಲಿಟಿಕ್ ಕನ್ವರ್ಟರ್ ಎಂಜಿನ್‌ಗೆ ಅಂಟಿಕೊಂಡ ಹಾಗೆ ಮ್ಯಾನಿಫೋಲ್ಡಿನ ಬುಡದಲ್ಲೇ ಇದೆ. ಬೇಗ ಬಿಸಿಯಾಗಲಿ, ಬೇಗ ಹೊಗೆ ಶುದ್ಧ ಮಾಡಲಿ ಅಂತ. ಉದ್ದ ಪೈಪಿನ ಹೆಡರ್ ಹಾಕಬೇಕೆಂದರೆ ಕ್ಯಾಟನ್ನು ಕೆಳಗೆ ತಳ್ಳಬೇಕು, ಇಲ್ಲ ಕಿತ್ತೇ ಹಾಕಬೇಕು. ಕಿತ್ತು ಹಾಕುವ ಮಾತು ನನಗೆ ಒಪ್ಪಿಗೆ ಇಲ್ಲ. ಸಿಗ್ನಲ್‌ನಲ್ಲಿ ಹಿಂದೆ ನಿಂತ ಸ್ಕೂಟರಿನವರು ಆ ಹೊಗೆ ಯಾಕೆ ಕುಡಿಯಬೇಕು? ಕೆಳಗೆ ತಳ್ಳಿ ಹಾಕಿಸಿದೆವು. ಕ್ಯಾಟ್ ತಡವಾಗಿ ಬಿಸಿಯಾಗತೊಡಗಿತು. ಚೆಕ್ ಎಂಜಿನ್ ಲೈಟ್ ಹತ್ತಿತು, ಕೋಡ್ ಪಿ0420: ಕ್ಯಾಟ್ ಸರಿಯಾಗಿ ಕೆಲಸ ಮಾಡುತ್ತಿಲ್ಲ ಅಂತ. ಓಟದಲ್ಲಿ? ಮೇಲೆ ತುಸು ಚುರುಕು, ಕೆಳಗೆ ಏನೂ ಇಲ್ಲ. ಈ ಎಂಜಿನ್ ಊರಿನಲ್ಲಿ ಓಡಲೆಂದೇ ಟ್ಯೂನ್ ಆಗಿದೆ, ಅದರ ಇಸಿಯುಗೆ ಹೊಸ ಮ್ಯಾಪ್ (ಪೆಟ್ರೋಲ್, ಕಿಡಿಯ ಲೆಕ್ಕ) ಬರೆಸದೆ ಹೆಡರ್ ಒಂದೇ ಹಾಕಿದರೆ ಪ್ರಯೋಜನ ಕಾಣಲ್ಲ. ತೆಗೆಸಿ ಕಂಪನಿಯದೇ ವಾಪಸ್ ಹಾಕಿಸಿದೆವು. ಅದೇ ದುಡ್ಡು ಒಳ್ಳೆಯ ಟೈರಿಗೆ ಹೋಗಿದ್ದರೆ ಘಾಟಿಯಲ್ಲಿ ಗಾಡಿ ಇನ್ನೂ ಜೋರಾಗಿ ಹೋಗುತ್ತಿತ್ತು ಅಂತ ತಮ್ಮ ಈಗಲೂ ಹೇಳುತ್ತಾನೆ. ಅವನ ಮಾತು ಸರಿ.

ಕೆಲವು ಗಾಡಿಗಳಲ್ಲಿ ಈ ಪ್ರಶ್ನೆಯೇ ಹುಟ್ಟಲ್ಲ. 2006ರಲ್ಲಿ ಇಲ್ಲಿಗೆ ಬಂದ ಹೋಂಡಾ ಸಿವಿಕ್ 1.8ರಲ್ಲಿ ಮ್ಯಾನಿಫೋಲ್ಡ್ ಸಿಲಿಂಡರ್ ಹೆಡ್ಡಿನೊಳಗೇ ಎರಕ ಹೊಯ್ದಿದ್ದಾರೆ. ನಾಲ್ಕು ದಾರಿಯೂ ಒಳಗೇ ಸೇರಿ ಒಂದೇ ಬಾಯಿಂದ ಹೊರಗೆ ಬರುತ್ತವೆ. ಫೋಕ್ಸ್‌ವ್ಯಾಗನ್, ಸ್ಕೋಡಾದವರ 1.0 ಟಿಎಸ್‌ಐ ಟರ್ಬೊ ಎಂಜಿನ್ ಕೂಡ ಹಾಗೇ. ಇವಕ್ಕೆ ಹೆಡರ್ ಅಂತ ಮಾರುವುದು ಬರೀ ಮುಂದಿನ ಪೈಪು. ಟರ್ಬೊ ಗಾಡಿಗೆ ಲಾಭ ಬರುವುದು ಇಸಿಯು ಮ್ಯಾಪಿನಿಂದ.

ಕಾನೂನಿನ ವಿಷಯ ಹಗುರವಾಗಿ ತಗೋಬೇಡಿ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಕಂಪನಿಯ ಮೂಲ ವಿವರಕ್ಕೆ ಹೊಂದದ ಬದಲಾವಣೆ ಮಾಡುವ ಹಾಗಿಲ್ಲ. ಹೊಗೆ, ಸದ್ದಿನ ಮಿತಿ ಮೀರಿದರೆ 190(2)ರಡಿ ಮೊದಲ ಸಲಕ್ಕೇ 10,000 ರೂಪಾಯಿವರೆಗೆ ದಂಡ, ಮೂರು ತಿಂಗಳವರೆಗೆ ಜೈಲೂ ಆಗಬಹುದು, ಲೈಸೆನ್ಸ್ ಮೂರು ತಿಂಗಳು ಹೋಗುತ್ತದೆ. ಎಮಿಷನ್ ಟೆಸ್ಟಿನಲ್ಲಿ ಬಿಎಸ್4 ಪೆಟ್ರೋಲ್ ಗಾಡಿಗೆ ಐಡ್ಲಿಂಗ್‌ನಲ್ಲಿ ಸಿಒ (ಕಾರ್ಬನ್ ಮೊನಾಕ್ಸೈಡ್) 0.3 ಶೇಕಡಾ, ಎಚ್‌ಸಿ (ಹೈಡ್ರೋಕಾರ್ಬನ್) 200 ಪಿಪಿಎಂ ಮಿತಿ. ಕ್ಯಾಟ್ ಇಲ್ಲದೆ ಅಲ್ಲಿ ಪಾಸಾಗುವುದು ಕಷ್ಟ. ವಾರಂಟಿ ಇನ್ನೂ ಇರುವ ಗಾಡಿಯಾದರೆ ಈ ಮಾತೇ ಬಿಡಿ.

ಇಷ್ಟೆಲ್ಲ ನೋಡಿಯೂ ಹಳೇ ಬೀಡು ಮ್ಯಾನಿಫೋಲ್ಡಿನ ಗಾಡಿಗೆ 4-2-1 ಹಾಕಿಸುತ್ತೀರಾದರೆ, ಕ್ಯಾಟ್ ಉಳಿಸಿಕೊಳ್ಳಿ, ಸೈಲೆನ್ಸರ್ ಕಂಪನಿಯದೇ ಇರಲಿ. ಆಕ್ಸಿಜನ್ ಸೆನ್ಸರ್ ಎಂಜಿನ್‌ನಿಂದ ದೂರ ಹೋಗುವುದರಿಂದ ಹೀಟರ್ ಇರುವ ನಾಲ್ಕು ವೈರಿನದೇ ಹಾಕಿಸಿ, ಇಲ್ಲದಿದ್ದರೆ ಐಡ್ಲಿಂಗ್‌ನಲ್ಲಿ ತಣ್ಣಗಾಗಿ ತಪ್ಪು ಲೆಕ್ಕ ಕೊಡುತ್ತದೆ. ಫಿಟ್ಟಿಂಗ್ ಆಗಿ ಸ್ವಲ್ಪ ದಿನ ಓಡಿದ ಮೇಲೆ, ಎಂಜಿನ್ ಪೂರ್ತಿ ತಣ್ಣಗಿರುವಾಗ, ಫ್ಲಾಂಜಿನ ನಟ್ಟುಗಳನ್ನೆಲ್ಲ ಟಾರ್ಕ್ ರೆಂಚಿನಲ್ಲಿ ಮತ್ತೊಂದು ಸಲ ಬಿಗಿ ಮಾಡಿಸಿ. ನಡುವಿನ ನಟ್ಟಿನಿಂದ ಶುರು ಮಾಡಿ ಎರಡೂ ಪಕ್ಕಕ್ಕೆ ಹೋಗಬೇಕು.