ತಾನಾಗೇ ಆನ್ ಆಗುವ ಕಂಪ್ಯೂಟರ್: ಅಂಗಡಿಗೆ ಕೊಡುವ ಮೊದಲು ಇದನ್ನು ಓದಿ

ಲೆಕ್ಕ ಮೊದಲು ಹೇಳಿಬಿಡುತ್ತೇನೆ. ನನ್ನ ಕಂಪ್ಯೂಟರ್‌ಗೆ ಬಂದಿದ್ದ ರೋಗ ವಾಸಿಯಾಗಲು ಒಂದು ಪೈಸೆಯೂ ಬೇಕಿರಲಿಲ್ಲ. ನಾನು ಕೊಟ್ಟದ್ದು 7,400 ರೂಪಾಯಿ. ಅಂಗಡಿಯವರು ಹೊಸದಾಗಿ ಅಂಟಿಸಿ ಕಳಿಸಿದ ಇನ್ನೊಂದು ರೋಗಕ್ಕೆ ಮೇಲೆ 40 ರೂಪಾಯಿ. ಜೊತೆಗೆ ಆರು ವರ್ಷ ಕೂಡಿಸಿದ್ದ ಮಾವಿನ ಗಿರಾಕಿಗಳ ಪಟ್ಟಿ ಹೋಯಿತು. ಅದು ಯಾವ ಲೆಕ್ಕಕ್ಕೂ ಸಿಗುವುದಿಲ್ಲ.

ನಮ್ಮ ಮನೆ ಕಾರವಾರದ ಕೋಡಿಬಾಗದಲ್ಲಿ. ಕಾಳಿ ನದಿ ಸಮುದ್ರ ಸೇರುವ ಜಾಗ ನಡೆದು ಹೋಗುವಷ್ಟು ಹತ್ತಿರ. ಇಲ್ಲಿ ಗಾಳಿಯಲ್ಲೇ ಉಪ್ಪು. ಕಿಟಕಿ ಸರಳಿಗೆ ವರ್ಷವರ್ಷ ಪೇಂಟ್ ಬಳಿಯಬೇಕು, ಗೇಟಿನ ಬೀಗಕ್ಕೆ ಎಣ್ಣೆ ಹಾಕದಿದ್ದರೆ ಕೀಲಿ ತಿರುಗುವುದಿಲ್ಲ. ಇದೆಲ್ಲ ಗೊತ್ತಿದ್ದ ನನಗೆ ಕಂಪ್ಯೂಟರ್ ಡಬ್ಬಕ್ಕೂ ಅದೇ ಗಾಳಿ ಹೊಡೆಯುತ್ತದೆ ಅನ್ನುವುದು ಮಾತ್ರ ಹೊಳೆಯಲಿಲ್ಲ.

ಶುರುವಾದದ್ದು 2024ರ ಮಳೆಗಾಲದಲ್ಲಿ. ಕಾಳಿ ನದಿಯ ಹಳೇ ಸೇತುವೆ ರಾತ್ರೋರಾತ್ರಿ ಕುಸಿದು ಬಿತ್ತಲ್ಲ, ಅದೇ ಮಳೆಗಾಲ. ಜುಲೈ ತಿಂಗಳ ಒಂದು ರಾತ್ರಿ, ಎರಡೂ ಮುಕ್ಕಾಲು ಗಂಟೆ ಇರಬೇಕು, ಅಮ್ಮ ಬಂದು ಎಬ್ಬಿಸಿದರು. "ಹಾಲ್‌ನಲ್ಲಿ ಯಾರೋ ಇದ್ದಾರೆ" ಎಂದರು. ಎದ್ದು ನೋಡಿದರೆ ಕಂಪ್ಯೂಟರ್ ಆನ್ ಆಗಿದೆ. ಫ್ಯಾನ್ ಗುಂಯ್ ಎನ್ನುತ್ತಿದೆ, ಪರದೆಯ ನೀಲಿ ಬೆಳಕು ಗೋಡೆ ಮೇಲೆ ಬಿದ್ದಿದೆ. ರಾತ್ರಿ ಮಲಗುವಾಗ ನಾನೇ ಶಟ್‌ಡೌನ್ ಮಾಡಿದ್ದೆ. ಮಕ್ಕಳ ಕೆಲಸ ಅಂದುಕೊಂಡು ಆಫ್ ಮಾಡಿ ಮಲಗಿದೆ.

ಮೂರು ದಿನ ಬಿಟ್ಟು ಮತ್ತೆ. ಈ ಸಲ ಆನ್ ಆಯಿತು, ನಾಲ್ಕೈದು ಸೆಕೆಂಡಿಗೆ ಆಫ್ ಆಯಿತು, ಮತ್ತೆ ಆನ್ ಆಯಿತು. ಅಮ್ಮ ಉಪ್ಪು ಮೆಣಸು ಇಳಿಸಿ ದೃಷ್ಟಿ ತೆಗೆಯುತ್ತೇನೆ ಎಂದರು. ಬೇಡ ಎಂದು ನಕ್ಕೆ. ಉಪ್ಪು ಆಗಲೇ ಒಳಗೆ ಬೇಕಾದಷ್ಟಿತ್ತು ಅಂತ ಗೊತ್ತಾದದ್ದು ಎರಡು ತಿಂಗಳು ಕಳೆದ ಮೇಲೆ.

ಪೇಟೆಯ ಒಂದು ಅಂಗಡಿಗೆ ತೆಗೆದುಕೊಂಡು ಹೋದೆ. ಅಲ್ಲಿನವರು ನನ್ನನ್ನು ಒಂದೇ ಒಂದು ಪ್ರಶ್ನೆ ಕೇಳಲಿಲ್ಲ. ಮಲಗಿಸಿಟ್ಟಾಗ ಏಳುತ್ತದೋ, ಪೂರ್ತಿ ಆಫ್ ಮಾಡಿದಾಗಲೂ ಏಳುತ್ತದೋ? ಕರೆಂಟ್ ಹೋಗಿ ಬಂದಾಗಲೋ, ಸುಮ್ನೆ ಇದ್ದಾಗಲೋ? ಎದ್ದ ಮೇಲೆ ನಿಲ್ಲುತ್ತದೋ, ತಾನಾಗೇ ಆರುತ್ತದೋ? ಯಾವುದೂ ಇಲ್ಲ. "ಎಸ್‌ಎಂಪಿಎಸ್ ಹೋಗಿದೆ ಸಾರ್" ಎಂದರು. ಎಸ್‌ಎಂಪಿಎಸ್ ಅಂದರೆ ಒಳಗಿನ ಪವರ್ ಸಪ್ಲೈ ಡಬ್ಬಿ. ಹೊಸದಕ್ಕೆ 1,900 ರೂಪಾಯಿ. ಎರಡು ದಿನ ಅಂಗಡಿಯಲ್ಲಿಟ್ಟುಕೊಂಡರು. "ಒಂದು ಸಲವೂ ತಾನಾಗೇ ಆನ್ ಆಗಿಲ್ಲ, ನೋಡಿ" ಎಂದು ಕೊಟ್ಟರು. ಅವರದ್ದು ಏಸಿ ಹಾಕಿದ ರೂಮು. ಈ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಮನೆಗೆ ತಂದ ನಾಲ್ಕನೇ ದಿನ ರಾತ್ರಿ ಜೋರು ಮಳೆ. ಮತ್ತೆ ಎದ್ದಿತು.

ಎರಡನೇ ಸಲ ಹೋದಾಗ ಕಥೆ ಬದಲಾಗಿತ್ತು. "ವೈರಸ್ ಮದರ್‌ಬೋರ್ಡ್‌ಗೆ ಇಳಿದಿದೆ" ಎಂದರು. ಮದರ್‌ಬೋರ್ಡ್ ಅಂದರೆ ಒಳಗಿನ ಎಲ್ಲ ಭಾಗ ಬಂದು ಕೂಡುವ ಮುಖ್ಯ ಬೋರ್ಡ್. ನಂಬಿದೆ! ಕಂಪ್ಯೂಟರ್ ಪೂರ್ತಿ ಆಫ್ ಆಗಿದ್ದಾಗ ವಿಂಡೋಸ್ ಓಡುತ್ತಿರುವುದಿಲ್ಲ. ಅದರ ಮೇಲೆ ಕೂತ ವೈರಸ್ ಕೂಡ ಓಡುತ್ತಿರುವುದಿಲ್ಲ. ಅಷ್ಟು ಸಾದಾ ಯೋಚನೆ ಆಗ ತಲೆಗೆ ಬರಲಿಲ್ಲ. ಸೆಕೆಂಡ್ ಹ್ಯಾಂಡ್ ಬೋರ್ಡ್‌ಗೆ 4,500, ಫಾರ್ಮ್ಯಾಟ್ ಮಾಡಲು 600, ಸರ್ವಿಸ್ 400. ನನ್ನ ಫೈಲ್ ಇದ್ದ ಡಿ ಡ್ರೈವ್ ಮುಟ್ಟಬೇಡಿ ಎಂದು ಎರಡು ಸಲ ಹೇಳಿ ಬಂದಿದ್ದೆ. ಬಾಯಲ್ಲಿ ಹೇಳಿದ್ದೆ, ಬಿಲ್ಲಿನಲ್ಲಿ ಬರೆಸಿರಲಿಲ್ಲ.

ವಾಪಸ್ ಬಂದಾಗ ಡಿ ಡ್ರೈವ್ ಇರಲೇ ಇಲ್ಲ. ಇಡೀ ಹಾರ್ಡ್ ಡಿಸ್ಕ್ ಒಂದೇ ಡ್ರೈವ್ ಆಗಿ ನುಣ್ಣಗೆ ಹೊಳೆಯುತ್ತಿತ್ತು.

ಅದರಲ್ಲಿ ಏನಿತ್ತು ಅಂದರೆ, ನನ್ನ ಹೆಂಡತಿಯ ತವರು ಅಂಕೋಲಾ. ಅವರ ತೋಟದ ಕರಿ ಇಶಾಡ ಮಾವನ್ನು ಪ್ರತಿ ಬೇಸಿಗೆಯಲ್ಲೂ ನಾವು ಡಬ್ಬಿ ತುಂಬಿ ಬೆಳಗಾವಿ, ಹುಬ್ಬಳ್ಳಿ, ಗೋವಾ ಕಡೆ ಕಳಿಸುತ್ತೇವೆ. ಸಿಪ್ಪೆ ತೆಳು, ಬೇಗ ಹಾಳಾಗುವ ಹಣ್ಣು. ಯಾರಿಗೆ ಎಷ್ಟು ಡಜನ್, ಯಾರು ಬಸ್‌ಸ್ಟ್ಯಾಂಡಿಗೇ ಬರುತ್ತಾರೆ, ಯಾರಿಗೆ ಎರಡು ದಿನ ಮೊದಲೇ ಕಿತ್ತದ್ದು ಬೇಕು, ಎಲ್ಲ ಒಂದು ಎಕ್ಸೆಲ್ ಫೈಲಿನಲ್ಲಿತ್ತು. ಭಾವ ಮೈದುನನಿಗೆ 2021ರಲ್ಲಿ ಒಮ್ಮೆ ಮೇಲ್ ಮಾಡಿದ್ದ ಪ್ರತಿ ಸಿಕ್ಕಿತು. ಅದರ ನಂತರದ್ದು ಇಲ್ಲ. ಫಾರ್ಮ್ಯಾಟ್ ಆದ ಹಾರ್ಡ್ ಡಿಸ್ಕ್‌ನಿಂದ ಹಳೇ ಫೈಲ್ ಹೆಕ್ಕಿ ತೆಗೆಯಲು ಆಗುತ್ತದೆ, ಆದರೆ ಮೇಲೆ ಹೊಸದು ಬರೆಯುವ ಮುಂಚೆ. ಇವರು ಅದೇ ಜಾಗದ ಮೇಲೆ ವಿಂಡೋಸ್, ಆಫೀಸ್, ಯಾರೂ ಕೇಳದ ಎರಡು ಗೇಮ್ ಎಲ್ಲ ಹೇರಿದ್ದರು. ಹಾರ್ಡ್ ಡಿಸ್ಕ್ ಬದಲು ಚಿಪ್‌ನಲ್ಲಿ ಫೈಲ್ ಇಡುವ ಎಸ್‌ಎಸ್‌ಡಿ ಇರುವವರಿಗೆ ಆ ಆಸೆಯೂ ತೀರಾ ಕಡಿಮೆ.

ಇಷ್ಟೆಲ್ಲ ಆದ ಮೇಲೂ ರೋಗ ಹೋಗಲಿಲ್ಲ. ಬದಲಿಗೆ ಒಂದಿದ್ದದ್ದು ಎರಡಾಯಿತು. ಈಗ ಕರೆಂಟ್ ಹೋಗಿ ಬಂದಾಗಲೆಲ್ಲ ಏಳತೊಡಗಿತು. ಮಳೆಗಾಲದಲ್ಲಿ ನಮ್ಮಲ್ಲಿ ಕರೆಂಟ್ ಎಷ್ಟು ಸಲ ಹೋಗಿ ಬರುತ್ತದೆ ಅಂತ ಕರಾವಳಿಯವರಿಗೆ ಹೇಳಬೇಕಾಗಿಲ್ಲ. ಗಡಿಯಾರ 2015ಕ್ಕೆ ಹೋಗಿ ಕೂರುತ್ತಿತ್ತು. ಬ್ಯಾಂಕಿನ ಪುಟ ತೆರೆದರೆ ಸುರಕ್ಷಿತವಲ್ಲ ಎಂದು ಬ್ರೌಸರ್ ಹೆದರಿಸುತ್ತಿತ್ತು. ನಾನು ಅದನ್ನೂ ವೈರಸ್ ಅಂದುಕೊಂಡೆ. ತಾರೀಖು ತಪ್ಪಿದ್ದರೆ ಬ್ರೌಸರ್ ಹಾಗೆಯೇ ಹೇಳುತ್ತದೆ, ಅಷ್ಟೇ.

ಚೌತಿಗೆ ಅಕ್ಕನ ಮಗ ಬಂದ. ಹುಬ್ಬಳ್ಳಿಯಲ್ಲಿ ಎಂಜಿನಿಯರಿಂಗ್ ಓದುತ್ತಾನೆ. ಮೋದಕ ತಿನ್ನುತ್ತ ಕಥೆ ಪೂರ್ತಿ ಕೇಳಿದ. ಡಬ್ಬ ಬಿಚ್ಚಲಿಲ್ಲ, ಅಂಗಡಿಯವರು ಕೇಳದ ಪ್ರಶ್ನೆಗಳನ್ನೆಲ್ಲ ಕೇಳಿದ. ಆಮೇಲೆ ಒಂದು ಮಾತು ಹೇಳಿದ. "ಮಾಮಾ, ಎದುರಿಗಿರುವ ಬಟನ್ ಲೈಟಿನ ಸ್ವಿಚ್ ಅಲ್ಲ. ಅದು ಕರೆಗಂಟೆ."

ಗೋಡೆಯ ಸ್ವಿಚ್ ಹಾಕಿರುವ ತನಕ ಡೆಸ್ಕ್‌ಟಾಪ್ ಪೂರ್ತಿ ಆಫ್ ಆಗುವುದೇ ಇಲ್ಲವಂತೆ. ಎಸ್‌ಎಂಪಿಎಸ್‌ನಿಂದ ಒಂದು ನೇರಳೆ ತಂತಿಯಲ್ಲಿ 5 ವೋಲ್ಟ್ ಸದಾ ಬೋರ್ಡ್‌ಗೆ ಹರಿಯುತ್ತಿರುತ್ತದೆ. ಬೋರ್ಡ್ ಒಂದು ಕಣ್ಣು ತೆರೆದುಕೊಂಡೇ ಮಲಗಿರುತ್ತದೆ. ಯಾರಾದರೂ ಗಂಟೆ ಒತ್ತಿದರೆ ಹಸಿರು ತಂತಿಯ ಮೂಲಕ ಎಸ್‌ಎಂಪಿಎಸ್‌ಗೆ ಏಳು ಅನ್ನುತ್ತದೆ. ಗಂಟೆ ಒತ್ತುವವರು ಬಟನ್ ಒಂದೇ ಅಲ್ಲ. ಮೌಸ್ ಒತ್ತಬಹುದು, ಕೀಬೋರ್ಡ್ ಒತ್ತಬಹುದು, ನೆಟ್‌ವರ್ಕ್ ಕೇಬಲ್ ಒತ್ತಬಹುದು, ಒಳಗಿನ ಗಡಿಯಾರ ಅಲಾರಂ ಇಟ್ಟುಕೊಂಡು ಒತ್ತಬಹುದು, ವಾಪಸ್ ಬಂದ ಕರೆಂಟೂ ಒತ್ತಬಹುದು. ಯಾರು ಒತ್ತಿದರು ಅಂತ ಹುಡುಕದೆ ಮನೆಯ ಬಾಗಿಲನ್ನೇ ಬದಲಾಯಿಸಿದರೆ ಏನು ಉಪಯೋಗ?

ನೀವು ಕಂಪ್ಯೂಟರ್ ಅನ್ನು ಸ್ಲೀಪ್‌ನಲ್ಲಿಟ್ಟು ಮಲಗುವವರಾದರೆ ಕಾರಣ ವಿಂಡೋಸೇ ಹೇಳುತ್ತದೆ. ಕಮಾಂಡ್ ಪ್ರಾಂಪ್ಟ್ ಅನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆಯಿರಿ. ಇಂಗ್ಲಿಷಿನಲ್ಲಿ ಪವರ್ ಅಂತ ಬರೆದು ಅದಕ್ಕೆ ಅಂಟಿಸಿ ಸಿ, ಎಫ್, ಜಿ ಅಕ್ಷರ ಹಾಕಿ. ಜಾಗ ಬಿಟ್ಟು ಒಂದು ಅಡ್ಡಗೆರೆ, ಅದಕ್ಕೆ ಅಂಟಿಸಿ ಲಾಸ್ಟ್‌ವೇಕ್, ಎರಡೂ ಪದ ಕೂಡಿಸಿ. ಕೊನೆಗೆ ಎಬ್ಬಿಸಿದ್ದು ಯಾರು ಅಂತ ಬರುತ್ತದೆ. ಲಾಸ್ಟ್‌ವೇಕ್ ಬದಲು ವೇಕ್‌ಟೈಮರ್ಸ್ ಎಂದು ಹಾಕಿದರೆ ಮುಂದೆ ಎಬ್ಬಿಸಲು ಕಾದಿರುವ ಅಲಾರಂಗಳು ಕಾಣುತ್ತವೆ. ಅಪ್‌ಡೇಟ್ ಹಾಕಲು ವಿಂಡೋಸ್ ತಾನೇ ಇಟ್ಟುಕೊಂಡ ಅಲಾರಂ ಇದ್ದರೆ ಪವರ್ ಆಪ್ಷನ್ಸ್‌ನಲ್ಲಿ ಸ್ಲೀಪ್ ಕೆಳಗೆ ವೇಕ್ ಟೈಮರ್ಸ್ ನಿಲ್ಲಿಸಿ. ಮೌಸ್, ನೆಟ್‌ವರ್ಕ್ ಕಾರ್ಡ್ ಹೆಸರು ಬಂದರೆ ಡಿವೈಸ್ ಮ್ಯಾನೇಜರ್‌ನಲ್ಲಿ ಅವುಗಳ ಪವರ್ ಮ್ಯಾನೇಜ್‌ಮೆಂಟ್ ತೆರೆದು, ಕಂಪ್ಯೂಟರ್ ಎಬ್ಬಿಸಲು ಕೊಟ್ಟ ಅನುಮತಿಯ ಟಿಕ್ ತೆಗೆಯಿರಿ. ಇದೆಲ್ಲ ಹತ್ತು ನಿಮಿಷದ ಕೆಲಸ.

ವಿಂಡೋಸ್ ಬರೆದಿಡುವ ದಿನಚರಿ, ಅಂದರೆ ಈವೆಂಟ್ ವ್ಯೂವರ್‌ನಲ್ಲಿ ಸಿಸ್ಟಮ್ ಲಾಗ್ ಕೂಡ ನೋಡಿ. 6005 ಅಂದರೆ ಆನ್ ಆದದ್ದು, 6006 ಅಂದರೆ ಸರಿಯಾಗಿ ಆಫ್ ಆದದ್ದು, 6008 ಅಥವಾ 41 ಅಂದರೆ ಹೇಳದೆ ಕೇಳದೆ ಸತ್ತದ್ದು. ಎದುರಿಗೇ ಗಂಟೆ ನಿಮಿಷ ಇರುತ್ತದೆ. ನನ್ನದರಲ್ಲಿ ಮೊದಲಿನ ರಾತ್ರಿಗಳದ್ದು ನೋಡಲು ಏನೂ ಉಳಿದಿರಲಿಲ್ಲ. ಫಾರ್ಮ್ಯಾಟ್ ಮಾಡಿದಾಗ ಸಾಕ್ಷಿಯೂ ತೊಳೆದು ಹೋಗಿತ್ತು.

ನಮ್ಮದು ಶಟ್‌ಡೌನ್ ಆದ ಮೇಲೂ ಏಳುತ್ತಿದ್ದ ಗಿರಾಕಿ. ಹುಡುಗ ನೆಟ್ ಕೇಬಲ್ ಕಿತ್ತ. ಶಿಫ್ಟ್ ಒತ್ತಿ ಹಿಡಿದು ಶಟ್‌ಡೌನ್ ಮಾಡಿದ. ಬೇಗ ಆನ್ ಆಗಲಿ ಅಂತ ವಿಂಡೋಸ್‌ನಲ್ಲಿರುವ ಫಾಸ್ಟ್ ಸ್ಟಾರ್ಟಪ್ ಇದ್ದರೆ ಮಾಮೂಲಿ ಶಟ್‌ಡೌನ್ ಅರ್ಧ ನಿದ್ದೆಯಂತೆ, ಶಿಫ್ಟ್ ಹಿಡಿದರೆ ಪೂರ್ತಿ. ಆಮೇಲೆ ಗೋಡೆಯ ಸ್ವಿಚ್ ಆಫ್ ಮಾಡಿ, ಸ್ವಲ್ಪ ತಡೆದು ಆನ್ ಮಾಡಿದ. ಎದ್ದಿತು. ಮತ್ತೆ ಮಾಡಿದ. ಮತ್ತೆ ಎದ್ದಿತು.

ಬಯೋಸ್‌ಗೆ, ಅಂದರೆ ಬೋರ್ಡಿನ ಸ್ವಂತ ಸೆಟ್ಟಿಂಗ್ ಪುಟಕ್ಕೆ ಹೋದೆವು. ಆನ್ ಆಗುವಾಗಲೇ ಡಿಲೀಟ್ ಕೀ ಒತ್ತುತ್ತಿರಬೇಕು, ಕೆಲವದರಲ್ಲಿ ಎಫ್2. ಅಲ್ಲಿ "ರಿಸ್ಟೋರ್ ಆನ್ ಎಸಿ ಪವರ್ ಲಾಸ್" ಎಂಬ ಸಾಲು ಇತ್ತು. ಕರೆಂಟ್ ವಾಪಸ್ ಬಂದಾಗ ಏನು ಮಾಡಲಿ ಅಂತ ಅರ್ಥ. ಪವರ್ ಆಫ್ ಎಂದು ಬದಲಾಯಿಸಿ ಸೇವ್ ಮಾಡಿದೆವು. ರಾತ್ರಿ ಗುಡುಗು ಅಂತ ಪ್ಲಗ್ ಕಿತ್ತಿಟ್ಟೆ. ಬೆಳಿಗ್ಗೆ ನೋಡಿದರೆ ಮತ್ತೆ ಹಳೇ ಕಥೆ, 2015, ಮರೆತ ಸೆಟ್ಟಿಂಗ್.

ಬೋರ್ಡ್ ಮೇಲೆ ನಾಣ್ಯದಂಥ ಒಂದು ಬ್ಯಾಟರಿ ಇರುತ್ತದೆ, 2032 ಅಂತ ಬರೆದಿರುತ್ತದೆ. ಪ್ಲಗ್ ಕಿತ್ತಾಗ ಗಡಿಯಾರ, ಸೆಟ್ಟಿಂಗ್ ಎರಡನ್ನೂ ನೆನಪಿಡುವುದು ಅದೇ. 3 ವೋಲ್ಟ್ ಇರಬೇಕು. ಮೀಟರ್ ಹಿಡಿದರೆ 2 ಕೂಡ ತೋರಿಸಲಿಲ್ಲ. ಗೋಡೆಯ ಸ್ವಿಚ್ ಹಾಕಿಯೇ ಇರುವ ಊರಲ್ಲಿ ಇದು ಸತ್ತರೂ ಬೇಗ ಗೊತ್ತಾಗುವುದಿಲ್ಲ, ಆ 5 ವೋಲ್ಟೇ ನೆನಪು ಕಾಯುತ್ತದೆ. ಸಿಡಿಲಿಗೆ ಹೆದರಿ ಪ್ಲಗ್ ಕೀಳುವ ನಮ್ಮಂಥವರ ಮನೆಯಲ್ಲಿ ಬಣ್ಣ ಬಯಲಾಗುತ್ತದೆ. ಯಾರದೋ ಸತ್ತ ಬ್ಯಾಟರಿಯ ಹಳೇ ಬೋರ್ಡ್ ನನಗೆ 4,500ಕ್ಕೆ ಬಂದಿತ್ತು. ಹೊಸ ಬ್ಯಾಟರಿಗೆ 40 ರೂಪಾಯಿ. ಒಂದು ರೋಗ ಮುಗಿಯಿತು.

ಹಳೇ ರೋಗ ಇನ್ನೂ ಇತ್ತು. ಆ ರಾತ್ರಿಯೇ ಮಳೆ ಹಿಡಿಯಿತು. ಕರೆಂಟ್ ಹೋಗಲಿಲ್ಲ, ಹೋಗಿದ್ದರೆ ಫ್ರಿಜ್ಜಿನ ಸ್ಟೆಬಿಲೈಸರ್ ಟಕ್ ಎನ್ನುತ್ತಿತ್ತು. ಆದರೂ ಕಂಪ್ಯೂಟರ್ ಎದ್ದಿತು, ನಾಲ್ಕೈದು ಸೆಕೆಂಡಿಗೆ ಆರಿತು, ಮತ್ತೆ ಎದ್ದಿತು. ಹುಡುಗ ಹಾಸಿಗೆಯಲ್ಲೇ ಕೂತು ನಗತೊಡಗಿದ. "ಬಟನ್ ನಾಲ್ಕು ಸೆಕೆಂಡ್ ಒತ್ತಿ ಹಿಡಿದರೆ ಏನಾಗುತ್ತೆ ಮಾಮಾ?" ಎಂದ. ಆಫ್ ಆಗುತ್ತದೆ. ಯಾರೋ ಬಟನ್ ಒತ್ತಿ ಹಿಡಿದ ಹಾಗೇ ಆಗುತ್ತಿತ್ತು ಅಲ್ವಾ?

ಪ್ಲಗ್ ಕಿತ್ತು ಡಬ್ಬ ಮತ್ತೆ ಬಿಚ್ಚಿದೆವು. (ಎಸ್‌ಎಂಪಿಎಸ್ ಡಬ್ಬಿಯನ್ನು ಮಾತ್ರ ಯಾವತ್ತೂ ಬಿಚ್ಚಬೇಡಿ, ಪ್ಲಗ್ ಕಿತ್ತ ಮೇಲೂ ಅದರೊಳಗೆ ಹೊಡೆಯುವಷ್ಟು ವಿದ್ಯುತ್ ಉಳಿದಿರುತ್ತದೆ.) ಎದುರಿನ ಬಟನ್‌ನಿಂದ ಎರಡು ಸಪೂರ ತಂತಿ ಬೋರ್ಡ್‌ಗೆ ಬರುತ್ತವೆ, ತುದಿಯಲ್ಲಿ ಪುಟ್ಟ ಪ್ಲಾಸ್ಟಿಕ್ ಟೋಪಿ. ಅದನ್ನು ಎಳೆದು ತೆಗೆದು ಪ್ಲಗ್ ಮತ್ತೆ ಹಾಕಿಟ್ಟೆವು. ಮೂರು ರಾತ್ರಿ ಸುರಿವ ಮಳೆ. ಕಂಪ್ಯೂಟರ್ ಕದಲಲಿಲ್ಲ.

ಬಟನ್ ಬಿಚ್ಚಿ ಬೆಳಕಿಗೆ ಹಿಡಿದರೆ ಕಾಲುಗಳ ಸುತ್ತ ಹಸಿರು ಕಿಲುಬು. ದೇವರ ಕೋಣೆಯ ತಾಮ್ರದ ತಂಬಿಗೆಗೆ ಹಿಡಿಯುತ್ತದಲ್ಲ, ಅದೇ. ಅದರಲ್ಲಿರುವ ಉಪ್ಪು ಗಾಳಿಯಲ್ಲಿನ ತೇವವನ್ನು ಹೀರಿಕೊಳ್ಳುತ್ತದೆ. ಮಳೆ ಜೋರಾದ ರಾತ್ರಿ ಆ ಒದ್ದೆ ಕಿಲುಬಿನ ಮೂಲಕವೇ ಒಂದು ತಂತಿಯಿಂದ ಇನ್ನೊಂದಕ್ಕೆ ಚೂರು ಕರೆಂಟ್ ಹರಿಯುತ್ತದೆ. ಬೋರ್ಡ್‌ಗೆ ಅಷ್ಟು ಸಾಕು. ಏಸಿ ರೂಮಿನಲ್ಲಿ ಎರಡು ದಿನ ಇಟ್ಟರೆ ಒಣಗಿ ತೆಪ್ಪಗಾಗುತ್ತದೆ. ಅಂಗಡಿಯಲ್ಲಿ ರೋಗ ಕಾಣದೆ ಮನೆಯಲ್ಲೇ ಯಾಕೆ ಕಾಣುತ್ತಿತ್ತು ಅಂತ ಆಗ ಅರ್ಥವಾಯಿತು. ಅವರು ಹಾಕಿದ ಎಸ್‌ಎಂಪಿಎಸ್‌ನಿಂದ ವಾಸಿಯಾಗಿದ್ದಲ್ಲ, ಅವರ ಏಸಿಯಿಂದ.

ಅಂಗಡಿಗೆ ಹೋಗಿ ಬಟನ್ ತೋರಿಸಿದೆ. "ಮಳೆಗಾಲದಲ್ಲಿ ಗ್ಯಾರಂಟಿ ಇರಲ್ಲ ಸಾರ್" ಎಂದರು. ನನ್ನ ಹಳೇ ಎಸ್‌ಎಂಪಿಎಸ್, ಹಳೇ ಬೋರ್ಡ್ ಕೊಡಿ ಎಂದೆ. ಎರಡೂ ಚೆನ್ನಾಗಿದ್ದವಲ್ಲ. ಗುಜರಿಗೆ ಹೋಯಿತು ಎಂದರು. ಬಿಚ್ಚಿದ ಸಾಮಾನು ವಾಪಸ್ ಬೇಕು ಅಂತ ಕೊಡುವಾಗಲೇ ಬಿಲ್ಲಿನಲ್ಲಿ ಬರೆಸಿ. ಅದಕ್ಕಿಂತ ಒಳ್ಳೆಯದು, ಹಾರ್ಡ್ ಡಿಸ್ಕ್ ಬಿಚ್ಚಿಟ್ಟುಕೊಂಡೇ ಕೊಡಿ. ನಾಲ್ಕು ಸ್ಕ್ರೂ, ಎರಡು ಕೇಬಲ್. ಆನ್ ಆಗುವ ರೋಗ ನೋಡಲು ನಿಮ್ಮ ಫೈಲ್ ಯಾರಿಗೂ ಬೇಕಾಗಿಲ್ಲ.

ಹೊಸ ಬಟನ್ ಹಾಕಲೇ ಇಲ್ಲ. ಪಕ್ಕದಲ್ಲೇ ರಿಸೆಟ್ ಅಂತ ಒಂದು ಚಿಕ್ಕ ಬಟನ್ ಇತ್ತು, ಇಷ್ಟು ವರ್ಷದಲ್ಲಿ ಯಾರೂ ಒತ್ತಿರಲಿಲ್ಲ. ಹುಡುಗ ಅದರ ಎರಡು ತಂತಿಯನ್ನು ಪವರ್ ಬಟನ್‌ನ ಜಾಗಕ್ಕೆ ಸಿಕ್ಕಿಸಿಕೊಟ್ಟು ಹುಬ್ಬಳ್ಳಿ ಬಸ್ ಹತ್ತಿದ. ಈಗ ನಮ್ಮ ಮನೆಯ ಕಂಪ್ಯೂಟರ್ ಏಳುವುದು ಆ ಪುಟ್ಟ ಬಟನ್‌ನಿಂದ. ಮನೆಗೆ ಬಂದವರು ದೊಡ್ಡ ಬಟನ್ ಒತ್ತಿ ಒತ್ತಿ ನೋಡುತ್ತಾರೆ, ಹಾಳಾಗಿದೆ ಎಂದು ಎದ್ದು ಹೋಗುತ್ತಾರೆ.